ಬಲ್ಬು ಕೆಟ್ಟಿರಲಿಲ್ಲ

ಅಮ್ಮ ಸುಮಾರು ಒಂದು ವರ್ಷ ಅಡುಗೆಮನೆಯ ಬಲ್ಬನ್ನು ಬೈದಳು. "ಇದರಲ್ಲಿ ಬೆಳಕೇ ಇಲ್ಲ ಕಣೋ, ಬೇರೆ ತಂದು ಹಾಕು" ಎನ್ನುತ್ತಿದ್ದಳು. ನಾನು ಎರಡು ಸಲ ಬದಲಾಯಿಸಿದೆ. ಬೈಗುಳ ನಿಲ್ಲಲಿಲ್ಲ. ಒಂದು ದಿನ ಸಾರಿಗೆ ಉಪ್ಪಿನ ಬದಲು ಸಕ್ಕರೆ ಬಿತ್ತು. ಆಮೇಲೆ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎರಡೂ ಕಣ್ಣಲ್ಲಿ ಪೊರೆ. ಮೊದಲ ಕಣ್ಣಿನ ಆಪರೇಷನ್ ಆಗಿ, ಪಟ್ಟಿ ಬಿಚ್ಚಿಸಿಕೊಂಡು ಬಂದ ಅಮ್ಮ ನೇರವಾಗಿ ಒಲೆಯ ಹಿಂದಿನ ಗೋಡೆ ನೋಡಿದಳು. "ಅಯ್ಯೋ, ಇಷ್ಟೊಂದು ಜಿಡ್ಡಾ? ಯಾರೂ ಹೇಳಲೇ ಇಲ್ವಲ್ಲ!"

ಜನವರಿ 25ರಂದು ಇದು ಮತ್ತೆ ನೆನಪಾಯಿತು. ಅಂದು ಸಂತ ಪೌಲರ ಮನಪರಿವರ್ತನೆಯ ಹಬ್ಬ. ಯೇಸುವಿನ ಶಿಷ್ಯರನ್ನು ಹಿಡಿಯಲು ಹೊರಟಿದ್ದ ಸೌಲ ದಮಸ್ಕದ ದಾರಿಯಲ್ಲಿ ಬೆಳಕು ಕಂಡು ಬದಲಾದದ್ದರ ನೆನಪು. ಆ ಸೌಲನೇ ಪೌಲ. ಇದು ತೇರು, ಬ್ಯಾಂಡು, ಊಟ ಇರುವ ಹಬ್ಬವಲ್ಲ. ಭಾನುವಾರ ಬಿದ್ದರಂತೂ ಚರ್ಚಿನಲ್ಲಿ ಭಾನುವಾರದ ಪೂಜೆಯೇ ನಡೆಯುತ್ತದೆ, ಪೌಲರಿಗೆ ಜಾಗ ಸಿಗುವುದಿಲ್ಲ. ವಾರದ ದಿನ ಬಂದರೆ ಬೆಳಗಿನ ಪೂಜೆಗೆ ಇಪ್ಪತ್ತು ಮೂವತ್ತು ಜನ. ಪಕ್ಕದ ಶಾಲೆಯ ಮೈದಾನದಲ್ಲಿ ಮರುದಿನದ ಗಣರಾಜ್ಯೋತ್ಸವಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದರು. ಮೊದಲ ವಾಚನ ಓದುವ ಸರದಿ ನನ್ನದಾಗಿತ್ತು.

ಆ ಹಬ್ಬಕ್ಕೆ, ಲೂಕ ಬರೆದ 'ಪ್ರೇಷಿತರ ಕಾರ್ಯಕಲಾಪಗಳು' ಎಂಬ ಬೈಬಲಿನ ಪುಸ್ತಕದಿಂದ 9ನೇ ಅಧ್ಯಾಯದ ಇಲ್ಲವೇ 22ನೇ ಅಧ್ಯಾಯದ ವಾಚನವನ್ನು ಆರಿಸಿಕೊಳ್ಳಬಹುದು. 9ನೇ ಅಧ್ಯಾಯದಲ್ಲಿ ಲೂಕ ಈ ಕಥೆಯನ್ನು ತಾನೇ ಹೇಳುತ್ತಾನೆ. 22ರಲ್ಲಿ ಜೆರುಸಲೇಮಿನ ಜನರ ಮುಂದೆ ಪೌಲನ ಬಾಯಿಂದ ಹೇಳಿಸುತ್ತಾನೆ. 26ರಲ್ಲಿ ಅಗ್ರಿಪ್ಪ ರಾಜನ ಮುಂದೆ ಇನ್ನೊಮ್ಮೆ. ಒಂದೇ ಪುಸ್ತಕದಲ್ಲಿ ಮೂರು ಸಲ. ನಾನು ಓದಿದ್ದು 22ನೆಯದು. ಅದರಲ್ಲಿ ಸಮಯವೂ ಇದೆ: ಸುಮಾರು ನಡುಮಧ್ಯಾಹ್ನ.

ಓದುತ್ತಾ ಅಲ್ಲಿಗೆ ನಾಲಿಗೆ ಒಂದು ಕ್ಷಣ ತಡೆಯಿತು. ರಾತ್ರಿ ಬೆಳಕು ಬಂದರೆ ಯಾರಿಗಾದರೂ ಗೊತ್ತಾಗುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ದೀಪ ಯಾರಿಗೆ ಬೇಕು? ಸೌಲನಿಗೆ ಎಲ್ಲವೂ ನಿಚ್ಚಳವಾಗಿ ಕಾಣುತ್ತಿದ್ದ ಹೊತ್ತು ಅದು. ದಾರಿ ಗೊತ್ತು, ಊರು ಗೊತ್ತು, ಯಾರನ್ನು ಹಿಡಿಯಬೇಕು ಅನ್ನುವುದೂ ಗೊತ್ತು. ಜೇಬಿನಲ್ಲಿ ಪ್ರಧಾನ ಯಾಜಕನ ಪತ್ರ. ಜೆರುಸಲೇಮಿನಿಂದ ದಮಸ್ಕಕ್ಕೆ 200 ಕಿಲೋಮೀಟರಿಗೂ ಜಾಸ್ತಿ. ಅಷ್ಟು ದೂರ ಹೋಗಿ ಜನರನ್ನು ಕಟ್ಟಿ ತರಬೇಕೆಂದರೆ ಒಳಗೆ ಎಷ್ಟು ಖಾತ್ರಿ ಇರಬೇಕು!

ಇವನು ಕುಡುಕನಲ್ಲ, ಕಳ್ಳನಲ್ಲ. ಗಮಲಿಯೇಲನಂಥ ಗುರುವಿನ ಹತ್ತಿರ ಕಲಿತವನು. ಧರ್ಮಶಾಸ್ತ್ರದ ಲೆಕ್ಕದಲ್ಲಿ ನನ್ನ ಮೇಲೆ ಒಂದು ತಪ್ಪೂ ಇರಲಿಲ್ಲ ಎಂದು ಮುಂದೆ ಫಿಲಿಪ್ಪಿಯವರಿಗೆ ತಾನೇ ಬರೆದವನು. ಯೇಸುವನ್ನು ನಂಬಿದ್ದ ಸ್ತೇಫನನನ್ನು ಕಲ್ಲೆಸೆದು ಕೊಲ್ಲುವಾಗ ಕಲ್ಲು ಎಸೆದವರು ಬಟ್ಟೆ ಬಿಚ್ಚಿಟ್ಟದ್ದು ಇವನ ಕಾಲ ಬಳಿ. ಕಲ್ಲು ಎತ್ತಿದ ಎಂದು ಲೂಕ ಬರೆದಿಲ್ಲ. ನೋಡುತ್ತಾ ನಿಂತಿದ್ದ, ಒಪ್ಪಿಗೆಯೂ ಇತ್ತು. ಕಣ್ಣೆದುರಿಗೇ ಒಬ್ಬ ಮನುಷ್ಯ "ಈ ಪಾಪವನ್ನು ಇವರ ಮೇಲೆ ಹೊರಿಸಬೇಡ" ಎಂದು ಮೊಣಕಾಲೂರಿ ಸತ್ತ. ಅದೂ ಸೌಲನಿಗೆ ಕಾಣಲಿಲ್ಲ. ನನಗೆ ಭಯವಾಗುವುದು ಇಂಥ ಕುರುಡಿಗೇ. ಇದರಲ್ಲಿ ಕತ್ತಲೆ ಅನಿಸುವುದೇ ಇಲ್ಲ.

ಬೆಳಕು ಬಂತು, ನೆಲಕ್ಕೆ ಬಿದ್ದ. (ಕುದುರೆಯಿಂದ ಬಿದ್ದ ಅಂತ ಹೇಳುತ್ತಾರೆ. ಕುದುರೆ ಸೇರಿಸಿದ್ದು ಚಿತ್ರಕಾರರು, ಬೈಬಲಿನಲ್ಲಿ ಇಲ್ಲ.) "ಸೌಲನೇ, ಸೌಲನೇ, ನನ್ನನ್ನು ಏಕೆ ಹಿಂಸಿಸುತ್ತೀ?" ಎಂಬ ದನಿ. "ನೀವು ಯಾರು ಪ್ರಭು?" ಎಂದು ಕೇಳಿದ. ಹಿಡಿಯಲು ಹೊರಟಿದ್ದು ಊರಿನ ಬಡಪಾಯಿಗಳನ್ನು, ಆದರೆ ಉತ್ತರ ಬಂದದ್ದು "ನೀನು ಹಿಂಸಿಸುತ್ತಿರುವ ಯೇಸುವೇ ನಾನು" ಎಂದು. ಅಗ್ರಿಪ್ಪನ ಮುಂದೆ ಹೇಳುವಾಗ ಪೌಲ ಇನ್ನೊಂದು ಮಾತು ಸೇರಿಸುತ್ತಾನೆ: ಮುಳ್ಳುಗೋಲನ್ನು ಒದೆಯುವುದು ನಿನಗೇ ಕಷ್ಟ. ಎತ್ತು ಕಟ್ಟಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಿಂದಿನಿಂದ ಚುಚ್ಚಿದ ಕೋಲನ್ನು ಎತ್ತು ಸಿಟ್ಟಿನಿಂದ ಒದೆಯುತ್ತದೆ. ಕೋಲಿಗೆ ಏನೂ ಆಗುವುದಿಲ್ಲ, ರಕ್ತ ಬರುವುದು ಎತ್ತಿನ ಕಾಲಿನಿಂದ. ಹಾಗಾದರೆ ಸ್ತೇಫನ ಸತ್ತ ದಿನದಿಂದಲೇ ಏನೋ ಚುಚ್ಚುತ್ತಿತ್ತು, ಅಲ್ವಾ?

ಎದ್ದ. ಕಣ್ಣು ತೆರೆದೇ ಇತ್ತು, ಏನೂ ಕಾಣಲಿಲ್ಲ. ಆಗ ಯೇಸುವಿನ ಶಿಷ್ಯರಿಗೆ 'ಮಾರ್ಗದವರು' ಎಂದೇ ಹೆಸರು. ಮಾರ್ಗದವರನ್ನು ಹಿಡಿಯಲು ಬಂದವನಿಗೆ ಮಾರ್ಗವೇ ಕಾಣದೆ, ಜೊತೆಯವರು ಕೈಹಿಡಿದು ದಮಸ್ಕಕ್ಕೆ ನಡೆಸಿಕೊಂಡು ಹೋದರು.

ಮನಪರಿವರ್ತನೆ ಅಂದ ಕೂಡಲೇ ನಮ್ಮ ಕಡೆ ಧರ್ಮ ಬದಲಾಯಿಸುವ ಮಾತು, ಜಗಳ ಎಲ್ಲ ತಲೆಗೆ ಬರುತ್ತವೆ. ಸೌಲ ಯೆಹೂದ್ಯನಾಗಿ ಹೊರಟ, ಯೆಹೂದ್ಯನಾಗಿಯೇ ಎದ್ದ. ಕ್ರೈಸ್ತರು ಎಂಬ ಹೆಸರು ಅಂತಿಯೋಕ್ಯದಲ್ಲಿ ಹುಟ್ಟಿದ್ದು ಆಮೇಲೆ. ಅವನ ಹೆಸರೂ ಆ ದಾರಿಯಲ್ಲಿ ಬದಲಾಗಲಿಲ್ಲ. 13ನೇ ಅಧ್ಯಾಯದವರೆಗೆ ಲೂಕ ಸೌಲ ಎಂದೇ ಕರೆಯುತ್ತಾನೆ. ಬದಲಾದದ್ದು ನೋಟ. ಅದೂ ಒಂದೇ ಏಟಿಗಲ್ಲ.

ನಾವು ಸಾಮಾನ್ಯವಾಗಿ ಬೇಗ ದಾಟಿ ಹೋಗುವುದು ಮುಂದಿನ ಮೂರು ದಿನಗಳನ್ನು. ನೆಟ್ಟನೆ ಬೀದಿಯಲ್ಲಿ ಯೂದ ಎಂಬುವನ ಮನೆ. ಊಟವಿಲ್ಲ, ನೀರಿಲ್ಲ, ಬೆಳಕಿಲ್ಲ. ಆ ಬೀದಿ ಹಳೆಯ ದಮಸ್ಕದಲ್ಲಿ ಈಗಲೂ ಇದೆ. ಅದರ ಪೂರ್ವದ ಬಾಗಿಲ ಹತ್ತಿರ ಅನನೀಯನ ಹೆಸರಿನ ಒಂದು ಪ್ರಾರ್ಥನಾಲಯ ನೆಲದ ಕೆಳಗಿದೆ, ಮೆಟ್ಟಿಲಿಳಿದು ಹೋಗಬೇಕು. ಸೌಲನಿಗೆ ಬೆಳಕು ಕಂಡ ಜಾಗಕ್ಕಿಂತ ಈ ಕೆಳಗಿನ ಕೋಣೆಯ ಬಗ್ಗೆಯೇ ನನಗೆ ಆಸೆ ಜಾಸ್ತಿ. ಯಾಕೆಂದರೆ ಆಕಾಶದ ಬೆಳಕು ಅವನ ಕಣ್ಣು ತೆಗೆಯಿತು. ಕಣ್ಣು ಮರಳಿದ್ದು ಒಬ್ಬ ಸಾಮಾನ್ಯ ಮನುಷ್ಯನ ಕೈಯಿಂದ.

ಆ ಮನುಷ್ಯ ಅನನೀಯ. ಪ್ರಭು ಅವನಿಗೆ ಬೀದಿ, ಮನೆ, ಹೆಸರು ಎಲ್ಲ ಕೊಟ್ಟು ಹೋಗು ಎಂದರು. ಅವನು ತಕ್ಷಣ ಹೊರಡಲಿಲ್ಲ. ಆ ಮನುಷ್ಯನ ಬಗ್ಗೆ ಬಹಳ ಕೇಳಿದ್ದೇನೆ ಪ್ರಭು, ನಮ್ಮವರಿಗೆ ಎಷ್ಟು ಕೇಡು ಮಾಡಿದ್ದಾನೆ ಎಂದ. ತಪ್ಪೇನಿದೆ? ಹಿಡಿಯಬೇಕಾದವರ ಪಟ್ಟಿ ಇದ್ದಿದ್ದರೆ ಅದರಲ್ಲಿ ಅವನೂ ಇರುತ್ತಿದ್ದ. ಆದರೂ ಹೋದ. ಒಳಗೆ ಹೋಗಿ, ಕುರುಡನ ಮೇಲೆ ಕೈಯಿಟ್ಟು ಮೊದಲು ಹೇಳಿದ್ದು "ಸಹೋದರ ಸೌಲ" ಎಂದು.

ನಾವು ಮನೆಯಲ್ಲಿ ಸಹೋದರ ಅನ್ನುವುದಿಲ್ಲ. ಅಣ್ಣ ಅನ್ನಬೇಕು, ಇಲ್ಲ ತಮ್ಮ ಅನ್ನಬೇಕು. ಯಾರು ದೊಡ್ಡವರೆಂದು ತೀರ್ಮಾನಿಸದೆ ಕನ್ನಡದಲ್ಲಿ ಒಡಹುಟ್ಟಿದವರನ್ನು ಕರೆಯುವುದೇ ಕಷ್ಟ. ಅನನೀಯ ಕನ್ನಡದವನಾಗಿದ್ದರೆ "ತಮ್ಮಾ ಸೌಲ" ಎನ್ನುತ್ತಿದ್ದನೋ ಏನೋ. ಆ ಕತ್ತಲೆಯಲ್ಲಿ, ತಾನು ಬೇಟೆಯಾಡಲು ಬಂದ ಜನರ ಕಡೆಯಿಂದ "ತಮ್ಮಾ" ಎಂಬ ದನಿ! ಆಗ ಕಣ್ಣಿನಿಂದ ಪರೆಯಂಥದ್ದು ಕಳಚಿ ಬಿತ್ತು. ಪರೆ ಅನ್ನುವಾಗ ನನಗೆ ಅಮ್ಮನ ಪೊರೆಯೇ ಕಾಣುತ್ತದೆ.

ಈ ಕಥೆಯಲ್ಲಿ ನನ್ನ ಜಾಗ ಯಾವುದೆಂದರೆ ನಾಚಿಕೆಯಾಗುತ್ತದೆ. ನಮ್ಮ ಧರ್ಮಕೇಂದ್ರದಲ್ಲಿ ಒಬ್ಬರು ಹಿಂದೆ ಸಭೆಯಲ್ಲಿ ಎದ್ದು ನಿಂತು, ಹಬ್ಬದ ಲೆಕ್ಕದಲ್ಲಿ ದುಡ್ಡು ತಿಂದಿದ್ದೇನೆ ಎಂದು ನನ್ನ ಮೇಲೆ ಆರೋಪ ಹೊರಿಸಿದ್ದರು. ಲೆಕ್ಕ ಸರಿಯಿತ್ತು, ಎಲ್ಲರಿಗೂ ಗೊತ್ತಾಯಿತು. ಹೋದ ವರ್ಷ ಅವರು ನಮ್ಮ ಪ್ರಾರ್ಥನಾ ಕೂಟಕ್ಕೆ ಬಂದು ಕುಳಿತರು. ಕುರ್ಚಿ ಕೊಟ್ಟೆ, ಕಾಫಿ ಕೊಟ್ಟೆ. ಮಾತಾಡಲಿಲ್ಲ. "ಅವರ ಮುಖದಲ್ಲಿ ಬೆಳಕೇ ಇಲ್ಲ, ಸುಮ್ನೆ ತೋರಿಕೆಗೆ ಬರ್ತಾರೆ" ಎಂದು ರಾತ್ರಿ ಹೆಂಡತಿಗೆ ಹೇಳಿದ್ದೂ ಉಂಟು. ಅನನೀಯನೂ "ಆದರೆ" ಎಂದ, ಆಮೇಲೆ ಎದ್ದು ನಡೆದ. ನಾನು ಇನ್ನೂ "ಆದರೆ" ಎನ್ನುತ್ತಾ ಕುಳಿತಿದ್ದೇನೆ.

ಅಂದು ಪೂಜೆಗೆ ಅವರೂ ಬಂದಿದ್ದರು, ಎರಡು ಸಾಲು ಹಿಂದೆ. ಸಮಾಧಾನ ಹಂಚಿಕೊಳ್ಳುವ ಹೊತ್ತಿಗೆ ಕೈಮುಗಿದು ತಿರುಗಿದೆ. ಅವರೂ ಕೈಮುಗಿದರು. ಅಷ್ಟೇ.

ಪೂಜೆ ಮುಗಿದ ಮೇಲೆ ಪುಸ್ತಕ ಮುಚ್ಚುವ ಮುನ್ನ 9ನೇ ಅಧ್ಯಾಯದ ಆ ಭಾಗ ಮತ್ತೆ ನೋಡಿದೆ. ಕಣ್ಣು ಬಂತು, ಎದ್ದ, ಸ್ನಾನದೀಕ್ಷೆ ಪಡೆದ, ಊಟ ಮಾಡಿ ಚೇತರಿಸಿಕೊಂಡ. ಮೂರು ದಿನದ ಹಸಿವು. ಯೂದನ ಮನೆಯಲ್ಲಿ ಯಾರೋ ಒಲೆ ಹಚ್ಚಿರಬೇಕು. ಏನು ಅಡುಗೆ, ಯಾರು ಬಡಿಸಿದರು, ಲೂಕ ಬರೆದಿಲ್ಲ.