ಮ್ಯಾಕ್ಸ್ ಫಾನ್ ಸಿಡೋ ಬೆಳೆದ ರೈಲುಹಾದಿ

ಕೋಪನ್‌ಹೇಗನ್ ವಿಮಾನ ನಿಲ್ದಾಣದಲ್ಲೇ ರೈಲು ಹತ್ತಿ ಎರಸುಂಡ್ ಸೇತುವೆ ದಾಟಿದರೆ ದಕ್ಷಿಣ ಸ್ವೀಡನ್ನಿನ ಸ್ಕೋನೆ ಪ್ರಾಂತ್ಯ. ಸ್ವೀಡನ್ನಿನ ನಿರ್ದೇಶಕ ಇಂಗ್ಮರ್ ಬರ್ಗ್‌ಮನ್ ಚಿತ್ರಗಳ ನಟ ಮ್ಯಾಕ್ಸ್ ಫಾನ್ ಸಿಡೋ ಹುಟ್ಟಿದ, ಪಳಗಿದ, ಕೊನೆಗೆ ಜಗತ್ತಿನ ಕಣ್ಣಿಗೆ ಬಿದ್ದ ಜಾಗಗಳಿಗೆ ಈ ಒಂದೇ ಹಾದಿ ಸಾಕು: ಮಾಲ್ಮೊ, ಲುಂಡ್, ಹೆಲ್ಸಿಂಗ್‌ಬೋರ್ಗ್, ಬೋಸ್ತಾದ್. ಟಿಕೆಟ್ ಹತ್ತುವ ಮೊದಲೇ ಕೊಂಡಿರಬೇಕು. ಸೇತುವೆಯ ಆಚೆ ಹ್ಯುಲ್ಲಿ ನಿಲ್ದಾಣದಲ್ಲಿ ಪೊಲೀಸರು ಪಾಸ್‌ಪೋರ್ಟ್ ಕೇಳುವುದುಂಟು, ಕೈಗೆ ಸಿಗುವಂತಿರಲಿ. ಲುಂಡ್ ದಾಟಿದ ಮೇಲೆ ಹಳಿ ಕವಲಾಗುತ್ತದೆ. ಗೋಥೆನ್‌ಬರ್ಗ್ ಫಲಕದ ರೈಲೇ ಬೇಕು. ಕಾಲ್ಮರ್ ಎಂದಿದ್ದರೆ ಅದು ಒಳನಾಡಿನ ಕಡೆ ತಿರುಗಿಬಿಡುತ್ತದೆ.

ಮಾಲ್ಮೊದಲ್ಲಿ ಇಳಿಯದೆ ಮೊದಲು ಲುಂಡ್‌ಗೆ ಹೋಗುವುದು ಒಳ್ಳೆಯದು, ಹೆಚ್ಚೆಂದರೆ ಕಾಲು ಗಂಟೆ. 1929ರ ಏಪ್ರಿಲ್ 10ರಂದು ಸಿಡೋ ಹುಟ್ಟಿದ್ದು ಇಲ್ಲೇ. ತಂದೆ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಜಾನಪದ ವಿದ್ವಾಂಸರು, ತಾಯಿ ಶಿಕ್ಷಕಿ. ಹುಡುಗ ಓದಿದ್ದು ಕೆಥೀಡ್ರಲ್ ಶಾಲೆಯಲ್ಲಿ. ಗೆಳೆಯರೊಡನೆ ನಾಟಕ ತಂಡ ಕಟ್ಟಿದ್ದೂ ಆಗಲೇ. ಊರು ಚಿಕ್ಕದು, ನಡೆದೇ ಮುಗಿಯುತ್ತದೆ.

ಮರಳಿ ಮಾಲ್ಮೊ. 1944ರಲ್ಲಿ ತೆರೆದ ಅಲ್ಲಿನ ನಗರ ರಂಗಮಂದಿರದಲ್ಲಿ ಈಗ ಒಪೆರಾ ನಡೆಯುತ್ತದೆ. ಸಾವಿರದೈನೂರು ಜನ ಕೂರುವ ಆ ಸಭಾಂಗಣದ ಹಿಂದಿನ ಸಾಲಿನ ಸೀಟೊಂದನ್ನೇ ಕೊಳ್ಳಿ. ವೇದಿಕೆ ಎಷ್ಟು ಅಗಲ, ನಟನ ಮುಖ ಎಷ್ಟು ದೂರ ಎಂಬುದು ಅಲ್ಲಿಂದಲೇ ತಿಳಿಯುವುದು. ಸ್ಟಾಕ್‌ಹೋಮಿನ ರಾಷ್ಟ್ರೀಯ ರಂಗಮಂದಿರ ಡ್ರಾಮಾಟೆನ್‌ನಲ್ಲಿ ನಟನೆ ಕಲಿತು, ನಾರ್ಷೋಪಿಂಗ್, ಹೆಲ್ಸಿಂಗ್‌ಬೋರ್ಗ್ ತಂಡಗಳಲ್ಲಿ ದುಡಿದು 1955ರಲ್ಲಿ ಸಿಡೋ ಈ ವೇದಿಕೆಗೆ ಬಂದರು. ಬರ್ಗ್‌ಮನ್ ಇಲ್ಲಿ ಚಳಿಗಾಲವಿಡೀ ನಾಟಕ ಮಾಡಿಸಿ, ಬೇಸಿಗೆಯಲ್ಲಿ ಅದೇ ನಟರನ್ನು ಕರೆದೊಯ್ದು ಸಿನಿಮಾ ತೆಗೆಯುತ್ತಿದ್ದರು. ಪೀರ್ ಗಿಂಟ್, ಮೊಲಿಯೇರನ ಆಲ್ಸೆಸ್ಟ್, ಫೌಸ್ಟ್ ಪಾತ್ರಗಳೆಲ್ಲವನ್ನೂ ಸಿಡೋ ಆಡಿದ್ದು ಇಲ್ಲಿ. ಕ್ಯಾಮೆರಾದ ಮುಂದೆ ಅವರು ಅಷ್ಟು ಕಡಿಮೆ ಮಾಡಿ ಅಷ್ಟು ಹೇಳಬಲ್ಲವರಾಗಿದ್ದುದಕ್ಕೆ ಬೇರು ಈ ಚಳಿಗಾಲಗಳಲ್ಲಿದೆ. ಸಿನಿಮಾ ತೆಗೆದ ಬೋಸ್ತಾದ್ ಕಡೆಯ ಕಡಲತೀರವನ್ನಷ್ಟೇ ನೋಡಿ ಹೋಗುವವರು ಅರ್ಧ ನಟನನ್ನು ಬಿಟ್ಟು ಹೋಗುತ್ತಾರೆ.

ಹೆಲ್ಸಿಂಗ್‌ಬೋರ್ಗ್‌ನಲ್ಲಿ ಅವರು ಆಡಿದ ಹಳೆಯ ರಂಗಮಂದಿರ ಈಗಿಲ್ಲ. ಮುಂದೆ ಸಾಗಬಹುದು.

2015ರ ಕೊನೆಯಲ್ಲಿ ರೈಲು ಸುರಂಗ ತೆರೆದ ಮೇಲೆ ಬೋಸ್ತಾದ್ ನಿಲ್ದಾಣ ಊರಾಚೆಗೆ ಹೋಗಿದೆ. ಅಲ್ಲಿಂದ ಸಿನಿಮಾ ತೆಗೆದ ಬಂಡೆಗಳ ಕಡಲತೀರ ಹೋವ್ಸ್ ಹಲ್ಲರ್‌ಗೆ ನಡೆದು ಹೋಗುತ್ತೇನೆಂದರೆ ಅರ್ಧ ದಿನ ಕರಗುತ್ತದೆ. ಕಾರು ಇದ್ದರೆ ಸಲೀಸು. ಇಲ್ಲವಾದರೆ ಆ ಋತುವಿನ ಬಸ್ ವೇಳೆಯನ್ನು, ಮುಖ್ಯವಾಗಿ ಹಿಂದಿರುಗುವ ಬಸ್ಸನ್ನು, ಸ್ಕೋನೆ ಸಾರಿಗೆಯ ಆ್ಯಪ್‌ನಲ್ಲಿ ಮೊದಲೇ ನೋಡಿಕೊಳ್ಳಬೇಕು. ಮೇಲೆ ವಾಹನ ನಿಲ್ಲಿಸಿ ಕಡಿದಾದ ಕಾಲುದಾರಿಯಲ್ಲಿ ಇಳಿದರೆ ಉರುಟುಗಲ್ಲಿನ ದಂಡೆ. ಮರಳಿಲ್ಲ. ಕಲ್ಲು ಕಾಲಡಿ ಹೊರಳುತ್ತವೆ, ನೀರಂಚಿನವಕ್ಕೆ ಪಾಚಿ; ಹಿಮ್ಮಡಿಗಿಂತ ಮೇಲೆ ಬರುವ ಬೂಟು ಹಾಕಿದವರೇ ಬುದ್ಧಿವಂತರು.

1956ರ ಬೇಸಿಗೆಯಲ್ಲಿ, ಬರ್ಗ್‌ಮನ್‌ರ 'ದಿ ಸೆವೆಂತ್ ಸೀಲ್' ಚಿತ್ರಕ್ಕಾಗಿ, 27ರ ಸಿಡೋ ಈ ಕಲ್ಲುಗಳ ಮೇಲೆ ಸಾವಿನೊಂದಿಗೆ ಚದುರಂಗಕ್ಕೆ ಕೂತರು. ಸಾವಿನ ಪಾತ್ರ ಬೆಂಗ್ಟ್ ಏಕೆರೋಟ್‌ದು, ಕ್ಯಾಮೆರಾ ಗುನ್ನಾರ್ ಫಿಶರ್‌ದು. ಚಿತ್ರವನ್ನಿಡೀ ಇಲ್ಲೇ ತೆಗೆದದ್ದೆಂದು ಹಲವರು ನಂಬುತ್ತಾರೆ. ಬಹುಪಾಲು ಚಿತ್ರೀಕರಣ ನಡೆದದ್ದು ಸ್ಟಾಕ್‌ಹೋಮ್ ಬಳಿಯ ರೋಸುಂಡಾ ಸ್ಟುಡಿಯೋದಲ್ಲಿ. ಚಿತ್ರದಲ್ಲಿ ಕಾಣುವ ಕಾಡನ್ನು ಇಲ್ಲಿ ಹುಡುಕಬೇಡಿ. ದಿಗಂತದಲ್ಲಿ ಕೈಹಿಡಿದು ಸಾಗುವ ಸಾವಿನ ಕುಣಿತ ಮಾತ್ರ ಈ ಗುಡ್ಡದ್ದೇ. ಅಂದಿನ ಕೆಲಸ ಮುಗಿಸಿ ನಟರು ಹೊರಟಾಗಿತ್ತು. ಬರ್ಗ್‌ಮನ್‌ಗೆ ವಿಚಿತ್ರ ಮೋಡವೊಂದು ಕಂಡದ್ದೇ ತಡ, ಸಿಕ್ಕ ಸಹಾಯಕರಿಗೆ, ಪ್ರವಾಸಿಗರಿಗೆ ವೇಷ ತೊಡಿಸಿ ತೆಗೆದದ್ದು.

ಫೋಟೋ ಬೇಕಿದ್ದವರು ಜೂನ್‌ನಲ್ಲಿ ರಾತ್ರಿ ಒಂಬತ್ತರ ನಂತರ ಇಳಿಯಲಿ. ಸೂರ್ಯ ಮುಳುಗುವುದು ಹತ್ತರ ಹೊತ್ತಿಗೆ, ವಾಯವ್ಯದ ಕಡಲಿಗೆ. ಚಿತ್ರದ ಚದುರಂಗದ ದೃಶ್ಯಕ್ಕೆ ಪ್ರೇರಣೆಯಾದ, ಸಾವು ಚದುರಂಗವಾಡುವ ಭಿತ್ತಿಚಿತ್ರ ಈ ಸೀಮೆಯಲ್ಲಿಲ್ಲ, ಸ್ಟಾಕ್‌ಹೋಮಿನ ಉತ್ತರಕ್ಕೆ ಟೇಬಿ ಚರ್ಚಿನಲ್ಲಿದೆ. ಅದಕ್ಕೆ ಬೇರೆಯೇ ದಿನ ಇಟ್ಟುಕೊಳ್ಳಬೇಕು.