ಕುಸುಬೆ, ಶೇಂಗಾ, ಮುರುಗಲ: ಮಳೆಗಾಲದ ಸಾಬೂನು ಕೆಲಸದ ವರದಿ

ಜೂನ್

ಆಲಿವ್ ಎಣ್ಣೆಯನ್ನಾಗಲಿ ಪಾಮ್ ಎಣ್ಣೆಯನ್ನಾಗಲಿ ಬಳಸದೆ, ಧಾರವಾಡದ ಗಾಣದ ಅಂಗಡಿಯಲ್ಲಿ ಸಿಗುವ ಎಣ್ಣೆಗಳಿಂದ ಮತ್ತು ಘಟ್ಟದ ಕಡೆಯಿಂದ ಬರುವ ಮುರುಗಲ ತುಪ್ಪದಿಂದ ಒಂದು ಒಳ್ಳೆಯ ಮೈಸಾಬೂನು ತಯಾರಿಸಬೇಕೆಂಬುದು ಈ ಮಳೆಗಾಲದ ಕೆಲಸದ ಗುರಿ. ಒಳ್ಳೆಯದು ಎನ್ನಿಸಿಕೊಳ್ಳಬೇಕಾದರೆ ಅದು ಬಚ್ಚಲಿನಲ್ಲಿ ಲೋಳೆಯಾಗಬಾರದು, ತಿಂಗಳುಗಟ್ಟಲೆ ಇಟ್ಟರೂ ಕಮಟು ವಾಸನೆ ಹಿಡಿಯಬಾರದು ಮತ್ತು ಬೋರ್‌ವೆಲ್‌ನ ಗಡಸು ನೀರಿನಲ್ಲಿಯೂ ನೊರೆ ಕೊಡಬೇಕು. ಮನೆಯಲ್ಲಿ ಸಾಬೂನು ಮಾಡುವವರು ಹಂಚಿಕೊಳ್ಳುವ ಪಾಕಗಳಲ್ಲಿ ಬಹುಪಾಲು ಆಲಿವ್ ಎಣ್ಣೆಯನ್ನೇ ಆಧಾರವಾಗಿಟ್ಟುಕೊಂಡಿರುವುದರಿಂದ, ನಮ್ಮ ಎಣ್ಣೆಗಳ ಲೆಕ್ಕವನ್ನು ಮೊದಲಿನಿಂದಲೇ ಹಾಕಿಕೊಳ್ಳಬೇಕಾಯಿತು.

ಈ ಲೆಕ್ಕದಲ್ಲಿ ಹೆಚ್ಚು ಯೋಚನೆಗೆ ಹಚ್ಚಿದ್ದು ಕುಸುಬೆ ಎಣ್ಣೆ. ಹಿಂಗಾರಿ ಹಂಗಾಮಿನಲ್ಲಿ ಜೋಳದ ಹೊಲಕ್ಕೆ ದನಗಳು ನುಗ್ಗದಂತೆ ಅಂಚಿನಲ್ಲಿ ಮುಳ್ಳಿನ ಕುಸುಬೆಯ ಸಾಲು ಬಿತ್ತುವುದು ನಮ್ಮ ಎರೆ ಭೂಮಿಯ ಹಳೆಯ ಪದ್ಧತಿ. ಎ-1 ಎಂದು ಹೆಸರಾದ ಕುಸುಬೆ ತಳಿಯ ಪೂರ್ಣ ಹೆಸರೇ ಅಣ್ಣಿಗೇರಿ-1. ಇಷ್ಟು ಹತ್ತಿರದ ಎಣ್ಣೆಯನ್ನು ಬಿಟ್ಟು ಸಾವಿರಾರು ಮೈಲಿ ದೂರದ ಎಣ್ಣೆಗೆ ದುಡ್ಡು ಸುರಿಯುವುದು ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಗಾಣದ ಅಂಗಡಿಯವರು ಮಾತ್ರ ಡಬ್ಬಿ ತುಂಬಿಸುತ್ತಲೇ, “ಅಕ್ಕಾರ, ಇಷ್ಟ ಚೊಲೊ ಎಣ್ಣಿ ಸಬಕಾರಕ್ಕ ಹಾಕ್ತೀರೇನ್ರಿ?” ಎಂದು ಕೇಳಿದರು. ರೊಟ್ಟಿಯ ಜೊತೆ ಚಟ್ನಿಪುಡಿಗೆ ಹಸಿಯಾಗಿಯೇ ಸುರಿದುಕೊಳ್ಳುವ ಎಣ್ಣೆಯ ಬಗ್ಗೆ ಅವರಿಗೆ ಹಾಗೆ ಅನ್ನಿಸಿದ್ದು ಸಹಜ.

ಆದರೆ ಕುಸುಬೆಯ ನಿಜವಾದ ತೊಡಕು ಅದರ ರಚನೆಯಲ್ಲಿಯೇ ಇದೆ. ಎಣ್ಣೆಯ ಒಂದೊಂದು ಅಣುವಿನಲ್ಲಿಯೂ ಒಂದು ಗ್ಲಿಸರಿನ್‌ಗೆ ಮೂರು ಕೊಬ್ಬಿನಾಮ್ಲಗಳು ಅಂಟಿಕೊಂಡಿರುತ್ತವೆ. ಕಾಸ್ಟಿಕ್ ಸೋಡಾ ಈ ಬಂಧವನ್ನು ಬಿಡಿಸಿದಾಗ ಕೊಬ್ಬಿನಾಮ್ಲಗಳು ಸೋಡಿಯಂ ಜೊತೆ ಸೇರಿ ಸಾಬೂನಾಗುತ್ತವೆ, ಗ್ಲಿಸರಿನ್ ಬಿಡುಗಡೆಯಾಗುತ್ತದೆ. ಕೊಬ್ಬಿನೊಳಗಿನ ಈ ಆಮ್ಲಗಳನ್ನು ಬೇರ್ಪಡಿಸಿ ಗುರುತಿಸಿದವನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರುಲ್. ಅವನ ಸಂಶೋಧನೆಯ ಸಂಗ್ರಹ 1823ರಲ್ಲಿ ಪ್ರಕಟವಾಯಿತು. ಸಾಬೂನಿನ ಗುಣವನ್ನು ನಿರ್ಧರಿಸುವುದು ಈ ಆಮ್ಲಗಳೇ. ಸಾಮಾನ್ಯ ಕುಸುಬೆ ಎಣ್ಣೆಯ ಸುಮಾರು ಮುಕ್ಕಾಲು ಭಾಗ ಲಿನೋಲೆಯಿಕ್ ಆಮ್ಲ. ಅದರ ಸಾಬೂನು ಚರ್ಮಕ್ಕೆ ಹಿತವಾಗಿದ್ದರೂ ಮೆತ್ತಗಿರುತ್ತದೆ, ಗಾಳಿಯ ಆಮ್ಲಜನಕಕ್ಕೆ ಬೇಗ ಸೋಲುತ್ತದೆ. ಕುಸುಬೆಯ ಪಾಲು ಅರ್ಧಕ್ಕಿಂತ ಹೆಚ್ಚಿದ್ದರೆ ಏನಾಗುತ್ತದೆಂದು ನೋಡುವುದಕ್ಕಾಗಿಯೇ ಚಳಿಗಾಲದಲ್ಲಿ ಎರೆದಿಟ್ಟಿದ್ದ ಬಿಲ್ಲೆಗಳ ಮೇಲೆ ಬೇಸಿಗೆ ಮುಗಿಯುವಷ್ಟರಲ್ಲಿ ಸಾಸಿವೆ ಗಾತ್ರದ ಕಿತ್ತಳೆ ಚುಕ್ಕೆಗಳು ಮೂಡಿದವು. ಉಗುರಿನಿಂದ ಕೆದಕಿದರೆ ಚುಕ್ಕೆಯ ಕೆಳಗೂ ಬಣ್ಣ ಇಳಿದಿತ್ತು, ಅಂಟುಅಂಟಾಗಿತ್ತು. ಹಳೆಯ ಕರಿದ ಎಣ್ಣೆಯ ವಾಸನೆ ಸ್ಪಷ್ಟವಾಗಿ ಬರುತ್ತಿತ್ತು.

ಆದ್ದರಿಂದ ಈ ಸಲ ಕುಸುಬೆಗೆ ಐದರಲ್ಲಿ ಒಂದು ಪಾಲನ್ನಷ್ಟೇ ಕೊಟ್ಟು, ಗಟ್ಟಿತನದ ಹೊಣೆಯನ್ನು ಮುರುಗಲ ತುಪ್ಪಕ್ಕೆ ವಹಿಸಿದೆ. ಮುರುಗಲ ಹಣ್ಣಿನ ಬೀಜದಿಂದ ತೆಗೆಯುವ ಈ ತುಪ್ಪವನ್ನು ಶಿರಸಿ, ಕುಮಟಾ ಕಡೆಯ ಮನೆಗಳಲ್ಲಿ ಒಡೆದ ಹಿಮ್ಮಡಿಗೆ ಹಚ್ಚುತ್ತಾರೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಟಿಯರಿಕ್ ಆಮ್ಲವಿರುವುದರಿಂದ ಸಾಬೂನು ಕಲ್ಲಿನಷ್ಟು ಗಟ್ಟಿಯಾಗುತ್ತದೆ. ಪಾಮ್ ಎಣ್ಣೆ ಮಾಡುವ ಕೆಲಸವನ್ನು ಅದಕ್ಕಿಂತ ಕಡಿಮೆ ಪ್ರಮಾಣದಲ್ಲಿ ಮಾಡಿಕೊಡುತ್ತದೆ. ಬೆಲೆ ಹೆಚ್ಚು ಎಂಬುದೊಂದೇ ಅದರ ಕೊರತೆ.

ಒಂದು ಕಿಲೋ ಎಣ್ಣೆಗೆ ನಿಗದಿಪಡಿಸಿದ ಪ್ರಮಾಣ ಹೀಗಿದೆ: ಕೊಬ್ಬರಿ ಎಣ್ಣೆ 300 ಗ್ರಾಂ, ಶೇಂಗಾ ಎಣ್ಣೆ 250, ಕುಸುಬೆ ಎಣ್ಣೆ 200, ಮುರುಗಲ ತುಪ್ಪ 180, ಔಡಲ ಎಣ್ಣೆ 70. ಒಂದು ಗ್ರಾಂ ಕೊಬ್ಬರಿ ಎಣ್ಣೆಗೆ 0.183 ಗ್ರಾಂ ಕಾಸ್ಟಿಕ್ ಸೋಡಾ ಬೇಕಾದರೆ, ಕುಸುಬೆ ಮತ್ತು ಶೇಂಗಾಕ್ಕೆ 0.137, ಮುರುಗಲಕ್ಕೆ 0.135, ಔಡಲಕ್ಕೆ 0.128 ಸಾಕು. ಎಲ್ಲವನ್ನೂ ಗುಣಿಸಿ ಕೂಡಿದರೆ ಸುಮಾರು 150 ಗ್ರಾಂ ಬರುತ್ತದೆ; ಅದರಲ್ಲಿ ನೂರಕ್ಕೆ ಐದರಷ್ಟನ್ನು ಬಿಟ್ಟು 142 ಗ್ರಾಂ ಮಾಡಿಕೊಂಡರೆ ಅಷ್ಟು ಪಾಲು ಎಣ್ಣೆ ಸಾಬೂನಾಗದೆ ಉಳಿದು, ಚರ್ಮ ಬಿರುಸಾಗದಂತೆ ನೋಡಿಕೊಳ್ಳುತ್ತದೆ. ಗಡಸು ನೀರಿನ ಕಾರಣಕ್ಕೆ 10 ಗ್ರಾಂ ಸಿಟ್ರಿಕ್ ಆಮ್ಲವನ್ನು ಸೇರಿಸುವುದೆಂದು ತೀರ್ಮಾನಿಸಿದ್ದರಿಂದ, ಅದು ನುಂಗಿಹಾಕುವ 6 ಗ್ರಾಂ ಸೋಡಾವನ್ನೂ ಕೂಡಿಸಿ ಒಟ್ಟು 148 ಗ್ರಾಂ ಆಯಿತು. ನೀರು 284 ಗ್ರಾಂ. ಎಣ್ಣೆ ಎಷ್ಟು ಬೇಗ ಕಮಟಾಗುತ್ತದೆ ಎಂಬುದರ ಅಂದಾಜು ಕೊಡುವ ಅಯೋಡಿನ್ ಮೌಲ್ಯವನ್ನೂ ಲೆಕ್ಕ ಹಾಕಿದೆ: ಬರಿಯ ಕುಸುಬೆಗೆ ಅದು 140ರ ಮೇಲೆಯೇ ಇರುತ್ತದೆ, ಈ ಮಿಶ್ರಣಕ್ಕೆ ಸುಮಾರು 67. ಸಾಬೂನು ಮಾಡುವವರು 70ರ ಒಳಗಿದ್ದರೆ ನಿಶ್ಚಿಂತೆಯಿಂದ ಮುಂದುವರಿಯುತ್ತಾರೆ.

ಜುಲೈ

ಸಾಬೂನು ಎರೆಯುವ ದಿನ ಸೋಡಾವನ್ನು ಕರಗಿಸುವ ಕೆಲಸವನ್ನು ಹಿತ್ತಲಿನ ಕಟ್ಟೆಯ ಮೇಲೆ, ಮಕ್ಕಳು ಸುಳಿಯದ ಹೊತ್ತಿನಲ್ಲಿ ಮಾಡಿದೆ. ಹೊಸದಾಗಿ ಕಲಿಯುವವರಿಗಾಗಿ ಇದನ್ನು ವಿವರವಾಗಿಯೇ ಬರೆಯಬೇಕು. ಕನ್ನಡಕ ಮತ್ತು ರಬ್ಬರ್ ಕೈಗವಸು ಹಾಕಿಕೊಳ್ಳದೆ ಡಬ್ಬಿಯ ಮುಚ್ಚಳವನ್ನೂ ತೆಗೆಯಬಾರದು. ನೀರಿಗೆ ಸೋಡಾವನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕೇ ಹೊರತು ಸೋಡಾದ ಮೇಲೆ ನೀರು ಸುರಿಯಬಾರದು. ಸುರಿದರೆ ಒಮ್ಮೆಗೇ ಕುದಿದು ಮುಖಕ್ಕೆ ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆಯನ್ನು ಸೋಡಾ ತಿನ್ನುತ್ತದೆ, ಜೊತೆಗೆ ಉರಿಯುವ ಹೈಡ್ರೋಜನ್ ಅನಿಲ ಹೊರಬರುತ್ತದೆ. ಆದ್ದರಿಂದ ಸ್ಟೀಲ್ ಪಾತ್ರೆಯೇ ಆಗಬೇಕು. ಚರ್ಮಕ್ಕೆ ತಾಗಿದರೆ ಹರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆಯಬೇಕು. ಲಿಂಬೆಹುಳಿಯನ್ನೋ ವಿನೆಗರನ್ನೋ ಸುರಿದು ಆ ಜಾಗದಲ್ಲಿ ಇನ್ನಷ್ಟು ಶಾಖ ಹುಟ್ಟಿಸಬಾರದು. ಸಿಟ್ರಿಕ್ ಆಮ್ಲವನ್ನು ಮೊದಲೇ ನೀರಿನಲ್ಲಿ ಕರಗಿಸಿಕೊಂಡಿದ್ದೆ. ಸೋಡಾ ಬಿದ್ದಂತೆ ನೀರು ಹಾಲಿನ ಬಣ್ಣಕ್ಕೆ ತಿರುಗಿ, ಉಷ್ಣಮಾಪಕದಲ್ಲಿ 80 ಡಿಗ್ರಿ ದಾಟಿ, ಸ್ವಲ್ಪ ಹೊತ್ತಿನ ಮೇಲೆ ತಿಳಿಯಾಯಿತು.

ಗಾಣದ ಎಣ್ಣೆಯನ್ನು ತಂದ ದಿನವೇ ಬಳಸದೆ, ಅಡಿಯ ಗಸಿ ಕೆಳಗಿಳಿಯುವವರೆಗೆ ಕತ್ತಲಲ್ಲಿಟ್ಟು ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿಕೊಂಡಿದ್ದೆ. ಮುರುಗಲ ತುಪ್ಪ ಸುಮಾರು 40 ಡಿಗ್ರಿಯಲ್ಲಿ ಕರಗುತ್ತದೆ. ಎಣ್ಣೆ ಅದಕ್ಕಿಂತ ತಣ್ಣಗಿದ್ದರೆ ತುಪ್ಪ ತನ್ನಷ್ಟಕ್ಕೆ ತಾನೇ ಹೆಪ್ಪುಗಟ್ಟತೊಡಗಿ, ಸಾಬೂನು ಕೂಡಿಕೊಂಡಿತೆಂಬ ಭ್ರಮೆ ಹುಟ್ಟಿಸುತ್ತದೆ. ಅದಕ್ಕಾಗಿ ಎಣ್ಣೆ, ಸೋಡಾ ನೀರು ಎರಡನ್ನೂ 45ರಿಂದ 48 ಡಿಗ್ರಿಯ ನಡುವೆ ತಂದು ಬೆರೆಸಿದೆ. ಹ್ಯಾಂಡ್ ಬ್ಲೆಂಡರನ್ನು ಸತತವಾಗಿ ಓಡಿಸದೆ, ಒಂದಿಷ್ಟು ತಿರುಗಿಸಿ, ನಿಲ್ಲಿಸಿ, ಅದರಿಂದಲೇ ಕೈಯಾಡಿಸಿ ನೋಡುತ್ತಾ ಹೋಗಬೇಕು. ಮೊದಲು ಮೇಲೆ ಎಣ್ಣೆಯ ಗೆರೆಗಳು ಹೊಳೆಯುತ್ತಿರುತ್ತವೆ. ಅವು ಮಾಯವಾಗಿ ಮೇಲ್ಮೈ ಒಂದೇ ಸಮನಾದ ಮಂಕು ಬಣ್ಣಕ್ಕೆ ಬರುತ್ತದೆ. ಬ್ಲೆಂಡರನ್ನು ಎತ್ತಿದಾಗ ಬಿದ್ದ ಹನಿ ಕೂಡಲೇ ಮುಳುಗದೆ ಗೆರೆಯಾಗಿ ನಿಂತರೆ ಹದ ಬಂದಿತೆಂದು ಅರ್ಥ. ಒಲೆಯ ಮೇಲೆ ಝುಣಕ ಗಟ್ಟಿಯಾಗುವುದಕ್ಕೆ ತುಸು ಮುಂಚೆ ಇರುವ ಹದವೇ ಇದು. ಈ ಕ್ಷಣವನ್ನು ಕಣ್ಣಾರೆ ಕಾಣುವ ಸಂತೋಷಕ್ಕಾಗಿಯೇ ನಾನು ಈ ಹವ್ಯಾಸವನ್ನು ಬಿಟ್ಟಿಲ್ಲವೆಂದರೂ ತಪ್ಪಿಲ್ಲ.

ಹದ ಬಂದ ಮೇಲೆ 15 ಗ್ರಾಂ ಲಾವಂಚದ ಸುಗಂಧ ತೈಲವನ್ನು ಬೆರೆಸಿ, ಮೂರನೆಯ ಒಂದು ಭಾಗವನ್ನು ಬೇರೆ ಪಾತ್ರೆಗೆ ತೆಗೆದು ಅದಕ್ಕೆ ಒಂದು ಸಣ್ಣ ಚಮಚ ಅರಿಶಿನವನ್ನು ಎಣ್ಣೆಯಲ್ಲಿ ಕಲಸಿ ಸೇರಿಸಿದೆ. ಅರಿಶಿನಕ್ಕೆ ಸುಣ್ಣ ಬಿದ್ದರೆ ಆರತಿಯ ಓಕುಳಿ ನೀರು ಕೆಂಪಾಗುವುದನ್ನು ನಾವೆಲ್ಲರೂ ಬಲ್ಲೆವು; ಸೋಡಾದ ಕ್ಷಾರದಲ್ಲಿಯೂ ಆಗುವುದು ಅದೇ. ಹಳದಿ ಗೆರೆಯ ಬದಲು ಇಟ್ಟಿಗೆ ಕೆಂಪಿನ ಗೆರೆ ಸುರಿಯಿತು. ಕಟ್ಟಿಗೆಯ ಪೆಟ್ಟಿಗೆಗೆ ಬೆಣ್ಣೆ ಕಾಗದ ಹಾಸಿ, ಎರಡೂ ಬಣ್ಣಗಳನ್ನು ಒಂದರ ಮೇಲೊಂದು ಎರೆದು, ಹಳೆಯ ಕಂಬಳಿ ಹೊದಿಸಿ ಇಟ್ಟೆ. ಮರುದಿನ ಸಂಜೆ ಗಿಣ್ಣಿನಷ್ಟು ಗಟ್ಟಿಯಾಗಿದ್ದ ಗಟ್ಟಿಯನ್ನು ಗಿಟಾರ್ ತಂತಿಯಿಂದ ಬಿಲ್ಲೆಗಳಾಗಿ ಕೊಯ್ದೆ. ಕೊಯ್ದ ಮೈ ನುಣುಪಾಗಿತ್ತು, ಎಲ್ಲಿಯೂ ಬಿಳಿಯ ಸೋಡಾ ಹರಳು ಕಾಣಲಿಲ್ಲ.

ಆಗಸ್ಟ್

ಎರೆದ ಸಾಬೂನು ಕೂಡಲೇ ಬಳಕೆಗೆ ಬರುವುದಿಲ್ಲ. ನಾಲ್ಕರಿಂದ ಆರು ವಾರ ಮಾಗಬೇಕು. ಆ ಅವಧಿಯಲ್ಲಿ ನೀರು ಆರುತ್ತದೆ, ಒಳಗಿನ ಸ್ಫಟಿಕ ರಚನೆ ಬಿಗಿಯಾಗುತ್ತದೆ, ನೊರೆ ಸುಧಾರಿಸುತ್ತದೆ. ಬೇಸಿಗೆಯಲ್ಲಿ ಇದು ತಾನಾಗಿಯೇ ನಡೆಯುವ ಕೆಲಸ. ಧಾರವಾಡದ ಶ್ರಾವಣದಲ್ಲಿ ಹಾಗಲ್ಲ. ದೊಡ್ಡ ಕಾರ್ಖಾನೆಗಳಲ್ಲಿ ಉಪ್ಪುನೀರಿನಿಂದ ಗ್ಲಿಸರಿನ್ನನ್ನು ಬೇರ್ಪಡಿಸಿ ಮಾರಿಕೊಳ್ಳುತ್ತಾರೆ. ನಮ್ಮ ಬಿಲ್ಲೆಯಲ್ಲಿ ಅದು ಪೂರ್ತಿಯಾಗಿ ಉಳಿಯುತ್ತದೆ. ಚರ್ಮಕ್ಕೆ ಹಿತವಾದ ಅದೇ ಗ್ಲಿಸರಿನ್, ಜಿಟಿಜಿಟಿ ಮಳೆ ಹಿಡಿದ ದಿನಗಳಲ್ಲಿ ಗಾಳಿಯ ತೇವವನ್ನು ಎಳೆದುಕೊಂಡು, ಬಿಲ್ಲೆಯ ಮೈಮೇಲೆ ಬೆವರಿನ ಹನಿಗಳಂತೆ ನೀರು ಕೂಡಿಸುತ್ತದೆ.

ಇದಕ್ಕೆ ಮಾಡಿಕೊಂಡ ಏರ್ಪಾಡು ಸರಳವಾದದ್ದು. ಬಿಲ್ಲೆಗಳನ್ನು ಅಡುಗೆಮನೆಯಿಂದ ದೂರದ ಕೋಣೆಗೆ ಸಾಗಿಸಿ, ಬಿದಿರಿನ ಮೊರದ ಮೇಲೆ ಒಂದಕ್ಕೊಂದು ತಾಗದಂತೆ ನಿಲ್ಲಿಸಿ, ಹಗಲು ಫ್ಯಾನನ್ನು ಸಣ್ಣಗೆ ಬಿಟ್ಟು, ರಾತ್ರಿ ಕಿಟಕಿ ಮುಚ್ಚಿದೆ. ಕಬ್ಬಿಣದ ಜಾಲರಿಯನ್ನು ಬೇಕೆಂದೇ ದೂರವಿಟ್ಟೆ, ಏಕೆಂದರೆ ಕಬ್ಬಿಣವಾಗಲಿ ತಾಮ್ರವಾಗಲಿ ತಾಗಿದಲ್ಲಿ ಎಣ್ಣೆ ಬೇಗ ಕಮಟಾಗುತ್ತದೆ. ಬಿಸಿಲಿಗೂ ಇಡಲಿಲ್ಲ, ಬಿಸಿಲು ಎಣ್ಣೆಯನ್ನೂ ಕೆಡಿಸುತ್ತದೆ, ಅರಿಶಿನದ ಬಣ್ಣವನ್ನೂ ತಿನ್ನುತ್ತದೆ. ಗುರುತು ಹಾಕಿದ ಒಂದು ಬಿಲ್ಲೆಯನ್ನು ಆಗಾಗ ತೂಗುತ್ತಾ ಬಂದೆ. ಕೊಯ್ದಾಗ 118 ಗ್ರಾಂ ಇದ್ದದ್ದು ಜುಲೈ ಕೊನೆಗೆ 112ಕ್ಕೆ ಇಳಿದು, ಮಳೆ ಜೋರಾದ ವಾರದಲ್ಲಿ ಅಲ್ಲಿಯೇ ನಿಂತು, ಆಗಸ್ಟ್ ಕೊನೆಗೆ 106 ಆಯಿತು. ತೂಕ ಇಳಿಯುವುದು ನಿಂತ ಮೇಲೆ ಬಳಸುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ವಾರಗಳ ಎಣಿಕೆಗಿಂತ ತಕ್ಕಡಿಯನ್ನು ನಂಬಬೇಕು. ಇಟ್ಟಿಗೆ ಕೆಂಪಿನ ಗೆರೆ ಇಷ್ಟರಲ್ಲಿ ಮಾಗಿದ ಪಪ್ಪಾಯಿಯ ಬಣ್ಣಕ್ಕೆ ಬಂದಿದೆ.

ಸೆಪ್ಟೆಂಬರ್

ತೂಕ 104 ಗ್ರಾಂಗೆ ನಿಂತ ಮೇಲೆ ನೀರಿನ ಪರೀಕ್ಷೆ ಮಾಡಿದೆ. ಒಂದು ಸ್ಟೀಲ್ ಬೋಗುಣಿಯಲ್ಲಿ ಮಲಪ್ರಭಾ ನದಿಯಿಂದ ಬರುವ ನಲ್ಲಿ ನೀರು, ಇನ್ನೊಂದರಲ್ಲಿ ಬೋರ್‌ವೆಲ್ ನೀರು ತೆಗೆದುಕೊಂಡು, ಎರಡಕ್ಕೂ ಸಮ ತೂಕದ ಸಾಬೂನನ್ನು ತುರಿದು ಹಾಕಿ ಕಲಕಿದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಸಾಬೂನಿನ ಜೊತೆ ಸೇರಿ ಕರಗದ ಕಿಟ್ಟವಾಗುತ್ತವೆ. ಬಕೆಟ್ಟಿನ ಅಂಚಿಗೆ ಹತ್ತುವ ಬೂದು ಪಟ್ಟೆ ಅದೇ. ಸಿಟ್ರಿಕ್ ಆಮ್ಲವು ಸೋಡಾದ ಜೊತೆ ಸೇರಿ ಸೋಡಿಯಂ ಸಿಟ್ರೇಟ್ ಆಗಿರುತ್ತದೆ, ಆ ಖನಿಜಗಳನ್ನು ತಾನೇ ಹಿಡಿದಿಟ್ಟುಕೊಂಡು ಸಾಬೂನನ್ನು ಬಿಡಿಸುತ್ತದೆ. ಸಿಟ್ರಿಕ್ ಆಮ್ಲ ಹಾಕದ ಚಳಿಗಾಲದ ಬಿಲ್ಲೆಯ ತುರಿಯನ್ನು ಅದೇ ಬೋರ್‌ವೆಲ್ ನೀರಿಗೆ ಹಾಕಿದಾಗ ಮೇಲೆ ಮೊಸರೊಡೆದ ಚೂರುಗಳು ತೇಲಿ ನೊರೆ ತಕ್ಷಣ ಕುಸಿಯಿತು. ಹೊಸ ಬಿಲ್ಲೆಯದರಲ್ಲಿ ಚೂರುಗಳು ಪೂರ್ತಿ ಇಲ್ಲವಾಗದಿದ್ದರೂ ಬಹಳ ಕಡಿಮೆಯಿದ್ದವು, ನೊರೆ ನಿಂತಿತು. ನಲ್ಲಿ ನೀರಿನಲ್ಲಿಯಂತೂ ಕೊಬ್ಬರಿ ಎಣ್ಣೆಯ ದೊಡ್ಡ ಗುಳ್ಳೆಗಳನ್ನು ಔಡಲ ಎಣ್ಣೆ ಹಿಡಿದು ನಿಲ್ಲಿಸಿತ್ತು.

ಸ್ನಾನಕ್ಕೆ ಬಳಸಿದಾಗ ಬಿಲ್ಲೆ ಅಂಚು ಮುರಿಯದೆ, ಲೋಳೆಯಾಗದೆ ಗಟ್ಟಿಯಾಗಿಯೇ ಸವೆಯುತ್ತಿದೆ. ಮೈ ತೊಳೆದ ಮೇಲೆ ಬಿಗಿತವಿಲ್ಲ. ಲಾವಂಚದ ವಾಸನೆ ಮಂದವಾಗಿದ್ದರೂ ಉಳಿದುಕೊಂಡಿದೆ. ಕಿತ್ತಳೆ ಚುಕ್ಕೆ ಈವರೆಗೆ ಎಲ್ಲಿಯೂ ಇಲ್ಲ. ಆದರೆ ಅದರ ನಿಜವಾದ ಪರೀಕ್ಷೆ ಮುಂದಿನ ಬೇಸಿಗೆಯಲ್ಲಿ ಆಗಬೇಕಾಗಿರುವುದರಿಂದ, ಕೆಲವು ಬಿಲ್ಲೆಗಳನ್ನು ಬಳಸದೆ, ತಾರೀಖು ಬರೆದ ಕಾಗದ ಸುತ್ತಿ ತೆಗೆದಿಟ್ಟಿದ್ದೇನೆ. ಓಣಿಯವರು ದರ ಕೇಳುತ್ತಿದ್ದಾರೆ. ನಮ್ಮಲ್ಲಿ ಮೈಸಾಬೂನು ಸೌಂದರ್ಯವರ್ಧಕಗಳ ಸಾಲಿಗೆ ಸೇರುವುದರಿಂದ ಮಾರಾಟಕ್ಕೆ ತಯಾರಿಸಲು ಪರವಾನಗಿ ಬೇಕು. ಆದ್ದರಿಂದ ಸದ್ಯಕ್ಕೆ ಕೊಡುವುದು ಮಾತ್ರ, ಮಾರುವುದಿಲ್ಲ.

ದೀಪಾವಳಿಗೆ ಮುಂಚೆ ಎರೆಯಲಿರುವ ಮುಂದಿನ ಪಾಕದಲ್ಲಿ ಕುಸುಬೆಯನ್ನು 200 ಗ್ರಾಂನಲ್ಲಿಯೇ ಉಳಿಸಿಕೊಂಡು, ಸಿಟ್ರಿಕ್ ಆಮ್ಲವನ್ನು 15 ಗ್ರಾಂಗೆ ಏರಿಸಿ, ಸೋಡಾವನ್ನು ಅದಕ್ಕೆ ತಕ್ಕಂತೆ 151 ಗ್ರಾಂ ಮಾಡಿ, ಬೋರ್‌ವೆಲ್ ನೀರಿನ ಬೋಗುಣಿಯಲ್ಲಿ ಮತ್ತೊಮ್ಮೆ ಹೋಲಿಸಿ ನೋಡಲಿದ್ದೇನೆ.