ಪ್ರೆಸ್ಸಿನ ಫೈಲ್ ಸರ್ವರ್, ಭಾಗ 3: ಎರರ್ 13ರ ಹಿಂದೆ ಇದ್ದ ಎರಡು ತಪ್ಪು

ಈಗಿನ ಜೋಡಣೆ ಇಷ್ಟು: ದಾವಣಗೆರೆ ಮಂಡಿಪೇಟೆಯ ಪ್ರಿಂಟಿಂಗ್ ಪ್ರೆಸ್‌ನಲ್ಲಿ ಡೆಬಿಯನ್ ಲಿನಕ್ಸ್ ಹಾಕಿದ ಹಳೇ ಪಿಸಿ, ಅದಕ್ಕೆ 2 ಟಿಬಿ ಡಿಸ್ಕ್, ಮೇಲೆ ಸಾಂಬಾ (ಫೋಲ್ಡರನ್ನು ನೆಟ್‌ವರ್ಕ್‌ನ ಬೇರೆ ಮಷೀನುಗಳಿಗೆ ಹಂಚುವ ಸಾಫ್ಟ್‌ವೇರ್). ಲಗ್ನಪತ್ರಿಕೆ, ಬಿಲ್‌ಬುಕ್, ಹ್ಯಾಂಡ್‌ಬಿಲ್‌ಗಳ ಫೈಲೆಲ್ಲ ‘ಜಾಬ್ಸ್’ ಅನ್ನುವ ಒಂದೇ ಶೇರ್‌ನಲ್ಲಿವೆ. ಡಿಸೈನ್ ಮಾಡುವ ವಿಂಡೋಸ್ ಮಷೀನಿಗೆ ಅದು ಸಲೀಸಾಗಿ ತೆರೆಯಿತು. ಪ್ಲೇಟಿಗೆ ಫೈಲ್ ಕಳಿಸುವ ಉಬುಂಟು ಮಷೀನ್ ಮಾತ್ರ ಅದನ್ನು ಮೌಂಟ್ ಮಾಡುವಾಗ (ತನ್ನದೇ ಫೋಲ್ಡರಿನಂತೆ ಜೋಡಿಸಿಕೊಳ್ಳುವಾಗ) ‘ಎರರ್ 13, ಪರ್ಮಿಷನ್ ಡಿನೈಡ್’ ಅಂತ ನಿಂತಿತು.

ಎರರ್ 13 ಒಂದನ್ನೇ ನಂಬಿ ಫೋಲ್ಡರ್‌ಗೆ ಚ್‌ಮಾಡ್ 777 ಹೊಡೆದು ಎಲ್ಲರಿಗೂ ಎಲ್ಲ ಹಕ್ಕು ಕೊಡುವುದು ಬೇಡ. ಪಾಸ್‌ವರ್ಡ್ ತಪ್ಪಿದರೂ 13, ಶೇರ್‌ಗೆ ಹಕ್ಕಿಲ್ಲದಿದ್ದರೂ 13. ನಿಜವಾದ ಕಾರಣ ಕರ್ನಲ್ ಲಾಗ್‌ನಲ್ಲಿರುತ್ತದೆ. ಮೌಂಟ್ ಸೋತ ಕೂಡಲೇ ಆ ಲಾಗ್ ತೋರಿಸುವ ಡಿ-ಮೆಸೇಜ್ ಕಮಾಂಡ್ ಓಡಿಸಿ, ಕೊನೆಯ ಸಾಲುಗಳ ಸ್ಟೇಟಸ್ ಕೋಡ್ ನೋಡಬೇಕು. ಕೋಡ್ 6ಡಿ ಅಂತ ಮುಗಿದರೆ ಲಾಗಾನ್ ಫೇಲ್ಯೂರ್: ಹೆಸರೋ ಪಾಸ್‌ವರ್ಡೋ ತಪ್ಪು. 22 ಅಂತ ಮುಗಿದರೆ ಆಕ್ಸೆಸ್ ಡಿನೈಡ್: ಲಾಗಿನ್ ಆಗಿದೆ, ಆದರೆ ಆ ಶೇರ್‌ನೊಳಗೆ ಬಿಡುತ್ತಿಲ್ಲ.

ಇಲ್ಲಿ ಬಂದದ್ದು 22. ಹಾಗಾದರೆ ಪಾಸ್‌ವರ್ಡ್ ಸರಿ, ಹಕ್ಕಿನದ್ದೇ ತೊಂದರೆ ಅಂತ ಅನಿಸುವುದು ಸಹಜ. ಆದರೆ ಡೆಬಿಯನ್, ಉಬುಂಟುಗಳ ಸಾಂಬಾ ಸೆಟ್ಟಿಂಗ್ ಫೈಲ್‌ನಲ್ಲಿ ‘ಮ್ಯಾಪ್ ಟು ಗೆಸ್ಟ್ = ಬ್ಯಾಡ್ ಯೂಸರ್’ ಅನ್ನುವ ಸಾಲು ಮೊದಲಿನಿಂದಲೇ ಇರುತ್ತದೆ. ಯೂಸರ್ ಹೆಸರು ಸಾಂಬಾದ ಪಟ್ಟಿಯಲ್ಲಿ ಇಲ್ಲದಿದ್ದರೆ, ಅದು ತಿರಸ್ಕರಿಸದೆ ಸುಮ್ಮನೆ ಗೆಸ್ಟ್ ಅಂತ ಒಳಗೆ ಬಿಟ್ಟುಕೊಳ್ಳುತ್ತದೆ. ‘ಜಾಬ್ಸ್’ ಶೇರ್ ಗೆಸ್ಟ್‌ಗೆ ತೆರೆದಿಲ್ಲ, ಹಾಗಾಗಿ ಎರಡನೇ ಬಾಗಿಲಲ್ಲಿ ತಡೆಯುತ್ತದೆ. ಹೆಸರಿನ ತಪ್ಪು ಹಕ್ಕಿನ ತಪ್ಪಿನಂತೆ ಕಾಣುವುದು ಹೀಗೆ. ಆ ಸಾಲಿನ ‘ಬ್ಯಾಡ್ ಯೂಸರ್’ ಅನ್ನು ‘ನೆವರ್’ ಅಂತ ಬದಲಿಸಿ, ಟೆಸ್ಟ್‌ಪಾರ್ಮ್‌ನಿಂದ ಫೈಲ್ ಸರಿಯಿದೆಯೇ ನೋಡಿ, ಸಾಂಬಾ ರೀಸ್ಟಾರ್ಟ್ ಮಾಡಿದ ಮೇಲೆ ಅದೇ ಮೌಂಟ್‌ಗೆ 6ಡಿ ಬಂತು. ಗೆಸ್ಟ್ ಬೇಡದ ಸರ್ವರ್‌ನಲ್ಲಿ ಈ ಬದಲಾವಣೆಯನ್ನು ಮೊದಲ ದಿನವೇ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಮುಂದಿನದನ್ನು ಸರ್ವರ್ ಕಡೆಯಿಂದ ನೋಡಬೇಕು. ಹೆಸರು ತಪ್ಪಿದೆಯೋ ಪಾಸ್‌ವರ್ಡ್ ತಪ್ಪಿದೆಯೋ ಅಂತ ಸಾಂಬಾ ಕ್ಲೈಂಟಿಗೆ ಹೇಳುವುದಿಲ್ಲ, ತನ್ನ ಲಾಗ್‌ನಲ್ಲಿ ಮಾತ್ರ ಬರೆದುಕೊಳ್ಳುತ್ತದೆ. ಲಾಗ್ ಲೆವೆಲ್‌ನಲ್ಲಿ ಆಥ್ (ಲಾಗಿನ್ ತಪಾಸಣೆ) ಅನ್ನು 3ಕ್ಕೆ ಏರಿಸಿದಾಗ ‘ನೋ ಸಚ್ ಯೂಸರ್’ ಸಿಕ್ಕಿತು. ಸಾಂಬಾದ ಯೂಸರ್‌ಗಳನ್ನು ತೋರಿಸುವ ಪಿಡಿಬಿ-ಎಡಿಟ್‌ನ ಪಟ್ಟಿಯಲ್ಲಿ ‘ಪ್ರೆಸ್’ ಒಬ್ಬನೇ ಇದ್ದಾನೆ. ಉಬುಂಟು ಕೊಡುತ್ತಿದ್ದದ್ದು ತನ್ನದೇ ಲಾಗಿನ್ ಹೆಸರು ‘ಡಿಟಿಪಿ’. ಸರ್ವರ್‌ನಲ್ಲಿ ಲಿನಕ್ಸ್ ಯೂಸರ್ ಇದ್ದ ಮಾತ್ರಕ್ಕೆ ಸಾಂಬಾಗೆ ಗೊತ್ತಾಗುವುದಿಲ್ಲ. ಅದರ ಪಾಸ್‌ವರ್ಡ್ ಪಟ್ಟಿಯೇ ಬೇರೆ, ಎಸ್‌ಎಂಬಿ-ಪಾಸ್‌ವರ್ಡ್ ಕಮಾಂಡ್‌ನಿಂದ ಪ್ರತ್ಯೇಕವಾಗಿ ಸೇರಿಸಬೇಕು.

ಹೆಸರು ತಿದ್ದಿದ ಮೇಲೆ ಲಾಗ್ ‘ರಾಂಗ್ ಪಾಸ್‌ವರ್ಡ್’ಗೆ ಬದಲಾಯಿತು. ಆದರೆ ಮೌಂಟ್ ಮಾಡದೆ ಶೇರ್‌ಗೆ ಸೇರಿಸುವ ಎಸ್‌ಎಂಬಿ-ಕ್ಲೈಂಟ್‌ನಲ್ಲಿ ಅದೇ ಪಾಸ್‌ವರ್ಡನ್ನು ಕೈಯಿಂದ ಹೊಡೆದರೆ ಒಳಗೆ ಬಿಡುತ್ತಿತ್ತು. ಅಂದರೆ ಮೌಂಟ್ ಪಾಸ್‌ವರ್ಡ್ ಓದಿಕೊಳ್ಳುವ ಕ್ರೆಡೆನ್ಷಿಯಲ್ಸ್ ಫೈಲೇ ಕೆಟ್ಟಿದೆ. ಕ್ಯಾಟ್ ಕಮಾಂಡಿಗೆ ದೊಡ್ಡ ಎ ಆಪ್ಷನ್ ಕೊಟ್ಟು ನೋಡಿದರೆ ಪಾಸ್‌ವರ್ಡ್ ಸಾಲಿನ ಕೊನೆಗೆ ^ಎಂ (ವಿಂಡೋಸ್ ಸಾಲು ಮುಗಿಸುವಾಗ ಹಾಕುವ ಗುರುತು) ಇತ್ತು. ಫೈಲನ್ನು ವಿಂಡೋಸ್‌ನ ನೋಟ್‌ಪ್ಯಾಡ್‌ನಲ್ಲಿ ಬರೆದು ಪೆನ್‌ಡ್ರೈವ್‌ನಲ್ಲಿ ತಂದಿದ್ದರಿಂದ ಕಣ್ಣಿಗೆ ಕಾಣದ ಆ ಅಕ್ಷರ ಪಾಸ್‌ವರ್ಡಿನ ಭಾಗವಾಗಿತ್ತು. = ಆದಮೇಲೆ ಬಿಟ್ಟ ಸ್ಪೇಸ್, ಸುತ್ತ ಹಾಕಿದ ಕೋಟ್ಸ್ ಕೂಡ ಹೀಗೇ ಸೇರಿಕೊಳ್ಳುತ್ತವೆ. ಫೈಲನ್ನು ನ್ಯಾನೋದಲ್ಲಿ ಹೊಸದಾಗಿ ಬರೆದು, ಒಡೆತನ ರೂಟ್‌ಗೆ ಕೊಟ್ಟು, ಬೇರೆಯವರು ಓದದಂತೆ ಮೋಡ್ 600 ಮಾಡಿದ ಮೇಲೆ ಮೌಂಟ್ ಆಯಿತು. ಪಾಸ್‌ವರ್ಡ್‌ನಲ್ಲಿ ಕಾಮಾ ಇದ್ದರಂತೂ ಈ ಫೈಲೇ ಒಳ್ಳೆಯದು; ಮೌಂಟ್ ಕಮಾಂಡಿನ ಆಪ್ಷನ್‌ಗಳಲ್ಲಿ ಕೊಟ್ಟರೆ ಕಾಮಾದ ಹತ್ತಿರ ಪಾಸ್‌ವರ್ಡ್ ತುಂಡಾಗುತ್ತದೆ.

ಮೌಂಟ್ ಆದರೂ ಬರೆಯಲು ಬಿಡಲಿಲ್ಲ. ಇದಕ್ಕೂ ಲಾಗಿನ್‌ಗೂ ಸಂಬಂಧವಿಲ್ಲ. ಆಪ್ಷನ್ ಕೊಡದಿದ್ದರೆ ಫೈಲುಗಳೆಲ್ಲ ರೂಟ್‌ನವು ಅಂತ ಉಬುಂಟು ತೋರಿಸುತ್ತದೆ. ಮೌಂಟ್‌ಗಳನ್ನು ಬರೆದಿಡುವ ಎಫ್‌ಎಸ್‌ಟ್ಯಾಬ್ ಫೈಲಿನ ಸಾಲಿಗೆ ಯುಐಡಿ=1000, ಜಿಐಡಿ=1000 (ಉಬುಂಟುವಿನ ಯೂಸರ್ ಮತ್ತು ಅವನ ಗುಂಪಿನ ನಂಬರ್) ಸೇರಿಸಿದಾಗ ಸರಿಹೋಯಿತು. ಅದೇ ಸಾಲಿಗೆ ‘ನೆಟ್‌ಡೆವ್’, ‘ನೋಫೇಲ್’, ಸಿಸ್ಟಂಡಿಯ ಆಟೋಮೌಂಟ್ ಆಪ್ಷನ್‌ಗಳೂ ಬಿದ್ದಿವೆ. ಕರೆಂಟ್ ಹೋಗಿ ಬಂದಾಗ ಉಬುಂಟು ಬೇಗ ಏಳುತ್ತದೆ, ಸರ್ವರ್ ಡಿಸ್ಕ್ ಪರೀಕ್ಷೆ ಮುಗಿಸಿ ತಡವಾಗಿ ಏಳುತ್ತದೆ. ಈಗ ಫೋಲ್ಡರ್ ತೆರೆದಾಗಲೇ ಮೌಂಟ್ ಆಗುವುದರಿಂದ ಆ ಜಗಳವಿಲ್ಲ.

ಬಾಕಿ ಇರುವುದು ಸ್ಕ್ಯಾನರ್ ಇರುವ ಹಳೇ ಜೆರಾಕ್ಸ್ ಯಂತ್ರ. ಅದಕ್ಕೆ ಎಸ್‌ಎಂಬಿ 1 (ಸಾಂಬಾ ಬಳಸುವ ಫೈಲ್ ಹಂಚಿಕೆ ವಿಧಾನದ ಹಳೇ ಆವೃತ್ತಿ) ಮಾತ್ರ ಬರುತ್ತದೆ. 2019ರಲ್ಲಿ ಬಂದ ಸಾಂಬಾ 4.11ರಿಂದ ಅದು ಡೀಫಾಲ್ಟ್ ಆಗಿ ಬಂದ್ ಇರುವುದರಿಂದ ಯಾವ ಪಾಸ್‌ವರ್ಡ್ ಕೊಟ್ಟರೂ ಸೇರುವುದಿಲ್ಲ. ಒಂದು ಯಂತ್ರಕ್ಕಾಗಿ ಇಡೀ ಸರ್ವರ್‌ನಲ್ಲಿ ಎಸ್‌ಎಂಬಿ 1 ತೆರೆಯುವುದು ಸರಿಯಲ್ಲ. ಆ ಯಂತ್ರದಲ್ಲಿ ಎಫ್‌ಟಿಪಿ (ಫೈಲ್ ಕಳಿಸುವ ಇನ್ನೊಂದು ವಿಧಾನ) ಇದೆ. ‘ಸ್ಕ್ಯಾನ್’ ಅನ್ನುವ ಪ್ರತ್ಯೇಕ ಫೋಲ್ಡರ್, ಬೇರೆ ಯೂಸರ್, ಬೇರೆ ಪಾಸ್‌ವರ್ಡ್ ಇಟ್ಟು ಆ ದಾರಿಯಲ್ಲಿ ಜೋಡಿಸುವ ಕೆಲಸ ಭಾಗ 4ಕ್ಕೆ.